ಗರಗಸದ ಇನ್ನೊಂದು ತುದಿ

ಒಂದು ಬಾಣಂತನಕ್ಕೆ ಎಷ್ಟು ಕಟ್ಟಿಗೆ ಬೇಕು ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಬಹಳ ಹೇಳಿದ್ದರು. ಮಕ್ಕಳನ್ನು ಮೀಯಿಸುವ ನೀರಿನ ಬಗ್ಗೆ ಏನೂ ಹೇಳಿರಲಿಲ್ಲ. ಅದನ್ನು ನನಗೆ ಕಲಿಸಿದವರು ಅಕ್ಷರ ಬಾರದ ಒಬ್ಬ ಅಜ್ಜಿ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿರ್ತಾಡಿಯ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮದುವೆಯಾಗಿ ಒಂದು ವರ್ಷ, ಹೆಂಡತಿಗೆ ನಾಲ್ಕು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ಆದರೆ ಅವಳ ತಾಯಿ ಎಂದೋ ತೀರಿಹೋಗಿದ್ದರು. ಬೆಳ್ತಂಗಡಿಯ ಆಚೆಗಿನ ಆ ಮನೆಯಲ್ಲಿ ಉಳಿದವರು ಗಂಡಸರು ಮಾತ್ರ. ನನ್ನ ತಾಯಿಯೂ ಇರಲಿಲ್ಲ. ಹಾಗಾಗಿ ಹೆರಿಗೆ, ಬಾಣಂತನ ಎರಡೂ ನಮ್ಮ ಬಾಡಿಗೆಯ ಪುಟ್ಟ ಮನೆಯಲ್ಲೇ ಆಗಬೇಕೆಂದು ತೀರ್ಮಾನವಾಯಿತು. ದಿನ ತುಂಬುವುದು ಆಟಿ ತಿಂಗಳಲ್ಲಿ, ಅಂದರೆ ಮಳೆ ಉಸಿರು ತೆಗೆದುಕೊಳ್ಳಲಿಕ್ಕೂ ನಿಲ್ಲದ ತಿಂಗಳಲ್ಲಿ.

ನಮ್ಮ ಅಂಗಳದ ಬೇಲಿಯ ತಡಮೆ ದಾಟಿದರೆ ಆ ಅಜ್ಜಿಯ ಮುಳಿಹುಲ್ಲಿನ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆದರೆ ಆ ಗುಡ್ಡೆಯ ಸುತ್ತಲಿನ ಮನೆಗಳಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ಮೀಯಿಸಿದವರು ಅವರೇ. ನಮ್ಮ ಶಾಲೆಯ ಅರ್ಧ ಹಾಜರಿ ಪುಸ್ತಕ ಅವರ ಕಾಲಿನ ಮೇಲಿಂದ ಎದ್ದು ಬಂದದ್ದು ಎನ್ನಬಹುದು.

ಕೆಡ್ಡಸ ಕಳೆದ ಮರುದಿನ ಅವರು ನಮ್ಮ ಅಂಗಳಕ್ಕೆ ಬಂದರು. ಕೆಡ್ಡಸದ ಮೂರು ದಿನ ಭೂಮಿತಾಯಿಗೆ ನೋವು ಮಾಡಬಾರದೆಂದು ನಮ್ಮ ಕಡೆ ನೆಲ ಅಗೆಯುವುದಿಲ್ಲ, ಹಸಿ ಗಿಡ ಕಡಿಯುವುದಿಲ್ಲ. ಅದು ಮುಗಿಯಲಿ ಎಂದು ಕಾದು ಕುಳಿತಿದ್ದವರಂತೆ ಬಂದು ನೇರ ವಿಷಯಕ್ಕೆ ಇಳಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಸ್ಟ್ರೇ, ಕಟ್ಟಿಗೆ ಎಷ್ಟು ಉಂಟು?"

"ಎರಡು ಹೊರೆ ಉಂಟು" ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ.

"ಎರಡು ಹೊರೆಯಲ್ಲಿ ಬೆಕ್ಕಿನ ಬಾಣಂತನವೂ ಆಗ್ಲಿಕ್ಕಿಲ್ಲ."

ಆಮೇಲೆ ಜಗಲಿಯ ಅಂಚಿನಲ್ಲಿ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ವಿವರಿಸಿದರು. ನಲುವತ್ತು ದಿನದ ಸ್ನಾನ. ತಾಯಿಗೆ ಹಂಡೆ ತುಂಬ ನೀರು ಕುದಿಯಬೇಕು, ಮಗುವಿಗೆ ಬೇರೆ. ಬಿಸಿಲಿಲ್ಲದ ತಿಂಗಳು, ಬಟ್ಟೆಯನ್ನೂ ಬೆಂಕಿಯ ಮೇಲೆಯೇ ಒಣಗಿಸಬೇಕು. ಕಟ್ಟಿಗೆ ಈಗಲೇ ಕಡಿದು, ಒಡೆದು, ಬಿಸಿಲಿಗೆ ಒಣಗಿಸಿ, ಪತ್ತನಾಜೆಗೆ ಮುಂಚೆ ಒಳಗೆ ಹಾಕಬೇಕು. ಪತ್ತನಾಜೆ ಎಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ದಿನ. ಅದರ ನಂತರ ಆಕಾಶವನ್ನು ಯಾರೂ ನಂಬುವುದಿಲ್ಲ.

"ಹಂಡೆಯ ಅಡಿಯ ಬೆಂಕಿ ಒಂದು ದಿನವೂ ಆರಬಾರದು. ಆರಿದರೆ ಬಾಣಂತಿಗೆ ಶೀತ ಹಿಡಿಯುತ್ತದೆ" ಎಂದು ಎದ್ದು ಹೋದರು.

ಅವರು ಹೋದ ಮೇಲೆ ಹೆಂಡತಿ ಬಹಳ ಹೊತ್ತು ಅಕ್ಕಿ ಆರಿಸುತ್ತ ಕುಳಿತಳು. ಕೊನೆಗೆ ಮೊರದಿಂದ ಕಣ್ಣು ತೆಗೆಯದೆ ಹೇಳಿದಳು: "ಅಮ್ಮ ಜ್ವರ ಬಂದು ಹೋದದ್ದು ತಮ್ಮ ಹುಟ್ಟಿದಾಗ. ಮಳೆಗಾಲ. ಒಲೆ ಉರಿಯುತ್ತಿರಲಿಲ್ಲ, ಬರೀ ಹೊಗೆ. ಕಟ್ಟಿಗೆ ಹಸಿ ಇತ್ತು."

ಆ ಜ್ವರಕ್ಕೆ ಬೇರೆ ಕಾರಣಗಳಿದ್ದಿರಬಹುದೆಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳ ಮುಂದೆ ಹೇಳುವ ಧೈರ್ಯ ಬರುತ್ತಿರಲಿಲ್ಲ. ಅವಳು ಹೆದರಿದ್ದಳು. ಹೆರಿಗೆಯ ನೋವಿಗಲ್ಲ, ಹಸಿ ಕಟ್ಟಿಗೆಗೆ. ಒಣ ಕಟ್ಟಿಗೆ ತುಂಬಿಸಿಕೊಡುವುದೊಂದೇ ಆಗ ನನ್ನಿಂದ ಆಗಬೇಕಾದ ಕೆಲಸ ಎಂದು ನಿಶ್ಚಯ ಮಾಡಿದೆ.

ಕಟ್ಟಿಗೆಯ ಆಳುಗಳು ಸಿಗುತ್ತಿರಲಿಲ್ಲವೇ ಎಂದು ಕೇಳಬಹುದು. ಸಿಗುತ್ತಿದ್ದರು, ದೊಡ್ಡ ಮನೆಗಳ ಕೆಲಸ ಮುಗಿದ ಮೇಲೆ. ನಮ್ಮ ಸರದಿ ಬರುವಾಗ ಪತ್ತನಾಜೆ ಕಳೆದಿರುತ್ತಿತ್ತು. ಇನ್ನೊಂದು ನಿಜವನ್ನೂ ಹೇಳಬೇಕು: ಬೆಕ್ಕಿನ ಬಾಣಂತನದ ಮಾತು ನನ್ನನ್ನು ಚುಚ್ಚಿತ್ತು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಹುಟ್ಟಿ ಬೆಳೆದದ್ದು ಬಂಟ್ವಾಳದ ಪೇಟೆಯಲ್ಲಿ; ಅಲ್ಲಿ ಕಟ್ಟಿಗೆ ಎಂದರೆ ಗಾಡಿಯಲ್ಲಿ ಬಂದು ಹಿತ್ತಲಲ್ಲಿ ಬೀಳುವ ವಸ್ತು. ಆದರೂ ಎದುರಿನ ಮನೆಯ ಧಣಿಗಳಲ್ಲಿ ಕೇಳಿ, ಗುಡ್ಡೆಯಲ್ಲಿ ಬಿದ್ದ ಮರಗಳನ್ನು ತೆಗೆದುಕೊಳ್ಳಲು ಒಪ್ಪಿಗೆ ಪಡೆದು, ಒಂದು ಭಾನುವಾರ ಕೊಡಲಿ ಹಿಡಿದು ಹೊರಟೆ.

ಮಧ್ಯಾಹ್ನದ ಹೊತ್ತಿಗೆ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಮರದಲ್ಲಿ ಇಲಿ ಕಡಿದಷ್ಟು ಗಾಯ. ಕೊಡಲಿ ಒಮ್ಮೆ ಜಾರಿ ಕಾಲಿನ ಹೆಬ್ಬೆರಳ ಪಕ್ಕದ ಕಲ್ಲಿಗೆ ಬಡಿದು ಕಿಡಿ ಹಾರಿತು. ಸೊಪ್ಪು ತರಲು ಬಂದಿದ್ದ ಅಜ್ಜಿ ಅದನ್ನು ನೋಡಿದರು.

"ಕೊಡಲಿ ಸರಿ ಇಲ್ಲ" ಎಂದೆ.

"ಹೌದು, ಕುಣಿಯಲಿಕ್ಕೆ ಬಾರದವಳಿಗೆ ಅಂಗಳ ಓರೆ" ಎಂದರು. ನಂತರ ನನ್ನ ಕಾಲನ್ನು ನೋಡಿ ಮೆತ್ತಗಾದರು. "ಬೇಡ ಮಾಸ್ಟ್ರೇ. ಮಗುವಿಗೆ ಎರಡು ಕಾಲಿನ ಅಪ್ಪ ಬೇಕು. ಒಂದು ಗರಗಸ ತನ್ನಿ. ತುಂಡು ಮಾಡಿಟ್ಟರೆ ಒಡೆಯಲಿಕ್ಕೆ ಅರ್ಧ ದಿನದ ಆಳು ಸಾಕು."

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ಬಂಟ್ವಾಳದ ಬಸ್ಸು ಹತ್ತಿದೆ. ಪೇಟೆಯ ಕಬ್ಬಿಣದ ಅಂಗಡಿಯಲ್ಲಿ ಮೂರು ಗರಗಸ ತೂಗುಹಾಕಿದ್ದರು. ಒಂದು ಒಂಟಿ ಕೈಯದ್ದು, ಬಡಗಿಗಳ ಉಪಯೋಗದ್ದು. ಇನ್ನೊಂದು ಇಬ್ಬರು ಎಳೆಯುವಂಥದ್ದು, ಹೊಟ್ಟೆ ಸ್ವಲ್ಪ ಉಬ್ಬಿದ್ದು, ಮಸಿ ಹಿಡಿದದ್ದು. ಮೂರನೆಯದನ್ನು ನೋಡಿದೊಡನೆ ನನಗೆ ಉಳಿದೆರಡು ಕಾಣಲೇ ಇಲ್ಲ. ನನ್ನ ಎತ್ತರಕ್ಕಿಂತ ಉದ್ದ. ಒಂದೊಂದು ಹಲ್ಲೂ ಕಿರುಬೆರಳಿನಷ್ಟು, ಎಲ್ಲ ಒಂದೇ ಕಡೆಗೆ ಬಾಗಿ ಹೊಳೆಯುತ್ತಿದ್ದವು. ಇದು ಮರವನ್ನು ಬೆಲ್ಲ ತಿಂದ ಹಾಗೆ ತಿನ್ನುತ್ತದೆ ಎಂದುಕೊಂಡೆ.

"ಇದೇ ಕೊಡಿ" ಎಂದೆ.

ಅಂಗಡಿಯವರು ನನ್ನ ಮುಖ ನೋಡಿದರು, ನನ್ನ ಕೊಡೆ ನೋಡಿದರು. "ಮಾಸ್ಟ್ರಿಗೆ ಇದೇ ಬೇಕಾ?"

"ಇದೇ."

"ಆಯ್ತು. ಮಾಸ್ಟ್ರಿಗೆ ಗೊತ್ತಿಲ್ಲದ್ದು ಉಂಟಾ?"

ನಮ್ಮ ಊರುಗಳಲ್ಲಿ ಮಾಸ್ತರನಿಗೆ ಸಿಗುತ್ತಿದ್ದ ಮರ್ಯಾದೆ ಅಷ್ಟಿಷ್ಟಲ್ಲ. ಅದು ಎಷ್ಟು ಅಪಾಯದ್ದು ಎಂದು ನನಗೆ ತಿಳಿದದ್ದು ಆ ದಿನ. ಅಂಗಡಿಯವರು ತಿದ್ದಲಿಲ್ಲ. ಬಸ್ಸಿನ ಮೇಲೆ ಅದನ್ನು ಕಟ್ಟಿದ ಕಂಡಕ್ಟರ್ ಏನೋ ಕೇಳಲು ಬಾಯಿ ತೆರೆದು ಸುಮ್ಮನಾದ. ಬಸ್ಸಿನಲ್ಲಿದ್ದ ಅಷ್ಟು ಜನರಲ್ಲಿ ಒಬ್ಬರೂ "ಮಾಸ್ಟ್ರೇ, ಇದು ಯಾಕೆ?" ಎಂದು ಕೇಳಲಿಲ್ಲ. ತಮ್ಮತಮ್ಮಲ್ಲೇ ಮಾತಾಡಿಕೊಂಡು ತಮಗೆ ಹೊಳೆದ ಅರ್ಥವನ್ನು ಗಟ್ಟಿ ಮಾಡಿಕೊಂಡರು. ಸಿದ್ಧಕಟ್ಟೆ, ಮೂಡುಬಿದಿರೆ ದಾಟಿ ನಾನು ಮನೆ ಮುಟ್ಟುವಷ್ಟರಲ್ಲಿ ಆ ಅರ್ಥ ನನಗಿಂತ ಮೊದಲೇ ಬಂದು ಕುಳಿತಿತ್ತು. ಬಸ್ಸಿಳಿದ ಮೇಲೆ ದಾರಿಯಲ್ಲಿ ಪರಿಚಯದವರೊಬ್ಬರು ಎದುರಾಗಿ ನಾನು ನಿಂತು ಮಾತಾಡಿದ್ದು ಅದಕ್ಕೆ ಸಾಕಾಯಿತು.

ತಡಮೆಯ ಬಳಿಯಲ್ಲೇ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

"ನೀವು ಓದಿದವರಾ ಮಾಸ್ಟ್ರೇ? ಕೂಸು ಹುಟ್ಟುವ ಮೊದಲೇ ಕುಲಾವಿ ಅಂತ ಗಾದೆ ಉಂಟಲ್ಲ, ನೀವು ತೊಟ್ಟಿಲಿಗೇ ಹೊರಟಿರಾ? ಹುಟ್ಟದ ಮಗುವಿಗೆ ಹಲಗೆ ಕೊಯ್ಸುತ್ತಾರಾ ಯಾರಾದರೂ? ಬಿಡ್ತು ಅನ್ನಿ!"

ನನಗೆ ತಲೆ ಬುಡ ಅರ್ಥವಾಗಲಿಲ್ಲ. ಬಾಗಿಲ ಹಿಂದೆ ಹೆಂಡತಿ ಕಣ್ಣೊರೆಸುತ್ತಿದ್ದಳು. ಮಗು ಬರುವ ಮೊದಲೇ ತೊಟ್ಟಿಲು ಸಿದ್ಧಮಾಡುವುದು ಅಪಶಕುನ. ಅದು ಗೊತ್ತಿದ್ದೂ ಗಂಡ ಹೀಗೆ ಮಾಡಿದನಲ್ಲ ಎಂದು ಅವಳಿಗೆ. ನಾನು ತಂದದ್ದು ಹಲಗೆ ಕೊಯ್ಯುವ ಗರಗಸ. ಮರವನ್ನು ಉದ್ದಕ್ಕೆ ಸೀಳಲಿಕ್ಕೆ ಮಾತ್ರ ಅದು. ಮಾಸ್ತರ ಹಲಗೆಯ ಗರಗಸ ಒಯ್ಯುತ್ತಿದ್ದಾನೆ, ಮನೆಯಲ್ಲಿ ಬಸುರಿ ಇದ್ದಾಳೆ, ಅಂದಮೇಲೆ ತೊಟ್ಟಿಲಿಗೇ ಎಂದು ಬಸ್ಸು ಲೆಕ್ಕ ಹಾಕಿತ್ತು.

"ಕಟ್ಟಿಗೆಗೆ ಅಂತ ತಂದದ್ದು ಅಜ್ಜೀ" ಎಂದೆ.

ಅಜ್ಜಿ ಗರಗಸ ನೋಡಿದರು, ನನ್ನನ್ನು ನೋಡಿದರು. ನಂತರ ಅವರಿಗೆ ನಗು ಬಂತು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಒಳಗೆ ಹೆಂಡತಿಯೂ ಅಳು ನಿಲ್ಲಿಸಿ ನಗತೊಡಗಿದಳು. ನನಗೆ ಮಾತ್ರ ನಗು ಬರಲಿಲ್ಲ. ಆ ಸಂಜೆ ಊಟವನ್ನೂ ಮುಖ ಗಂಟು ಹಾಕಿಕೊಂಡೇ ಮಾಡಿದೆ.

ಬೆಳಿಗ್ಗೆ ಎದ್ದು ಗರಗಸ ಹೊತ್ತುಕೊಂಡು ಬೆಳುವಾಯಿಗೆ ಹೋದೆ. ಅಲ್ಲಿ ಮಲಯಾಳದ ಕಡೆಯಿಂದ ಬಂದ ಇಬ್ಬರು ಮರ ಕೊಯ್ಯುತ್ತಿದ್ದರು. ದಿಮ್ಮಿಯನ್ನು ಎತ್ತರದ ಅಟ್ಟಣೆಗೆ ಏರಿಸಿ, ಒಬ್ಬ ಮೇಲೆ ನಿಂತು ಒಬ್ಬ ಕೆಳಗೆ ನಿಂತು ಗರಗಸವನ್ನು ಮೇಲಕ್ಕೂ ಕೆಳಕ್ಕೂ ಎಳೆಯುವುದು. ಹಿರಿಯವನು ಕೆಳಗಿದ್ದ. ಮೈಯೆಲ್ಲ ಮರದ ಹುಡಿ, ಕಣ್ಣಿನ ರೆಪ್ಪೆಯ ಮೇಲೂ ಹುಡಿ. ನನ್ನ ಗರಗಸ ನೋಡಿ ಅವನಿಗೆ ಆಸೆಯಾದದ್ದು ನನಗೆ ಗೊತ್ತಾಯಿತು. ಆದರೂ ಅವನು ಮೋಸ ಮಾಡಲಿಲ್ಲ. ಅದನ್ನು ಈಗಲೂ ನೆನೆಯುತ್ತೇನೆ.

ನಡುನಡುವೆ ಮಲಯಾಳ ಸೇರಿಸಿದ ತುಳುವಿನಲ್ಲಿ ಅವನು ನನಗೆ ಪಾಠ ಮಾಡಿದ. "ನೋಡಿ ಮಾಷೇ, ಉದ್ದಕ್ಕೆ ಸೀಳುವ ಹಲ್ಲು ಉಳಿಯ ಹಾಗೆ. ಅಡ್ಡಕ್ಕೆ ಕೊಯ್ಯುವ ಹಲ್ಲು ಚೂರಿಯ ಹಾಗೆ, ಎರಡು ಬದಿಯೂ ಹರಿತ. ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿರಬೇಕು. ಇಲ್ಲದಿದ್ದರೆ ಮರದೊಳಗೆ ಸಿಕ್ಕಿ ಬೀಳುತ್ತದೆ." ತನ್ನ ಗುಡಿಸಲಿನಿಂದ ಒಂದು ಹಳೆಯ ಗರಗಸ ತಂದ. ಬಂಟ್ವಾಳದ ಅಂಗಡಿಯಲ್ಲಿ ನಾನು ಕಣ್ಣೆತ್ತಿ ನೋಡದ ಎರಡನೆಯದರ ಅಣ್ಣನ ಹಾಗಿತ್ತು, ಹೊಟ್ಟೆ ಉಬ್ಬಿದ್ದು. ಉಗುರಿನಿಂದ ಅದಕ್ಕೆ ತಟ್ಟಿ ಕಿವಿ ಕೊಡಲು ಹೇಳಿದ. ಗಂಟೆಯ ನಾದ ತೆಳ್ಳಗೆ ಬಂತು. ಅಲಗನ್ನು ಬಗ್ಗಿಸಿ ಬಿಟ್ಟ; ಅದು ಚಿಮ್ಮಿ ನೇರವಾಯಿತು.

ಮೂರು ಮೊಳ ಉದ್ದ. ನನಗೆ ಕಡಿಮೆಯೆನಿಸಿತು. "ಇದಕ್ಕಿಂತ ಉದ್ದದ್ದು ಇಲ್ಲವಾ? ದೊಡ್ಡ ಮರ ಬಂದರೆ?"

ಹಲ್ಲು ಮಸೆಯಲು ತೆಗೆದುಕೊಂಡಿದ್ದ ಅರವನ್ನು ಕೆಳಗಿಟ್ಟು ಅವನು ಕೇಳಿದ: "ಇನ್ನೊಂದು ತುದಿ ಹಿಡಿಯುವುದು ಯಾರು ಮಾಷೇ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಂಗಡಿಯಲ್ಲಿ ಮರವನ್ನು ಯೋಚಿಸಿದ್ದೆ, ನನ್ನ ತೋಳನ್ನು ಯೋಚಿಸಿದ್ದೆ. ಎದುರಿಗೆ ಇನ್ನೊಬ್ಬರು ನಿಲ್ಲಬೇಕು ಎಂಬುದು ತಲೆಗೆ ಬಂದಿರಲಿಲ್ಲ.

"ಮರ ನೋಡಿ ಗರಗಸ ತರುವುದಲ್ಲ" ಎಂದ ಅವನು. "ಎದುರಿನವರ ಕೈ ನೋಡಿ ತರುವುದು. ಅವರ ಕೈ ಎಷ್ಟು ದೂರ ಹೋಗುತ್ತದೋ ಅಷ್ಟೇ ಉದ್ದ ಸಾಕು."

ಹೊಸದನ್ನು ಅವನಿಗೆ ಬಿಟ್ಟು ಹಳೆಯದನ್ನು ಹೊತ್ತು ತಂದೆ. ಅವನು ಹಲ್ಲಿಗೆಲ್ಲ ಅರ ಹಾಕಿಕೊಟ್ಟ, ಹಿಡಿಗಳನ್ನು ಹೊಸದಾಗಿ ಕೂರಿಸಿದ. ಬದಲಿಗೆ ಅರಣ್ಯ ಕಚೇರಿಗೆ ಒಂದು ಅರ್ಜಿ ಬರೆದುಕೊಡಿ ಎಂದ. ಅದಾದರೂ ನನಗೆ ಬರುವ ಕೆಲಸವಾಗಿತ್ತು.

ಮನೆಗೆ ಬಂದು ಗರಗಸವನ್ನು ಜಗಲಿಯಲ್ಲಿಟ್ಟು, ಇನ್ನೊಂದು ತುದಿಗೆ ಯಾರು ಎಂದು ಚಿಂತೆ ಮಾಡುತ್ತಿದ್ದೆ. ಅಜ್ಜಿ ಬಂದು, ಹಿಡಿಯನ್ನು ಹಿಡಿದು ನೋಡಿ, "ನಾನು ಉಂಟಲ್ಲ" ಎಂದರು.

ಅರುವತ್ತು ದಾಟಿದ ಹೆಂಗಸು. ತೋಳು ನೋಡಿದರೆ ನುಗ್ಗೆಕಾಯಿ. ನಾನು ಬೇಡವೇ ಬೇಡ ಎಂದೆ. ಅವರು ಕೇಳುವ ಪೈಕಿಯಲ್ಲ. ಮರುದಿನದಿಂದ ಶಾಲೆ ಬಿಟ್ಟ ಮೇಲೆ ಬಿಸಿಲು ಇಳಿಯುವವರೆಗೆ, ಮನೆಗೆ ಮಾತು ಕೇಳುವಷ್ಟು ಹತ್ತಿರದ ಗುಡ್ಡೆಯಲ್ಲಿ ನಮ್ಮ ಕೆಲಸ.

ಮೊದಲ ದಿನ ಗರಗಸ ಎರಡು ಬೆರಳು ಒಳಗೆ ಹೋಗಿ ಬಾಗಿ ನಿಂತುಬಿಟ್ಟಿತು. ನಾನು ಮತ್ತೂ ಜೋರಾಗಿ ಒತ್ತಿದೆ.

"ತಳ್ಳಬೇಡಿ ಮಾಸ್ಟ್ರೇ, ಬಿಟ್ಟುಕೊಡಿ" ಎಂದರು ಅಜ್ಜಿ. "ನಿಮ್ಮ ಕಡೆಗೆ ಎಳೆಯುವುದು ಮಾತ್ರ ನಿಮ್ಮ ಕೆಲಸ. ಆಮೇಲೆ ಬಿಟ್ಟುಕೊಡಬೇಕು. ನನ್ನ ಕಡೆಗೆ ತರುವುದು ನನ್ನ ಕೆಲಸ. ನನ್ನ ಕೆಲಸವನ್ನೂ ನೀವೇ ಮಾಡ್ತೇನೆ ಅಂತ ಹೊರಟರೆ ಗರಗಸ ಮುರಿಯುತ್ತದೆ."

ಸುಲಭದ ಮಾತು. ನನಗೆ ಒಂದು ವಾರ ಬೇಕಾಯಿತು. ಹೇಳಿಕೊಡುವವನ ಅಭ್ಯಾಸ ನನ್ನದು, ಬಿಟ್ಟುಕೊಡುವ ಅಭ್ಯಾಸವಿರಲಿಲ್ಲ. ತಳ್ಳಿದಾಗಲೆಲ್ಲ ಅಲಗು ಬಾಗುತ್ತಿತ್ತು, ಅವರು ಅದೇ ಮಾತು ಹೇಳುತ್ತಿದ್ದರು, ಅದೇ ಸ್ವರದಲ್ಲಿ. ಎಂಟನೆಯ ದಿನಕ್ಕೆ ಗರಗಸ ತಾನಾಗಿಯೇ ಹೋಗಿ ಬರತೊಡಗಿತು. ಆ ನುಗ್ಗೆಕಾಯಿಯಂಥ ಕೈಗಳು ದಣಿಯದೆ ಎಳೆಯುತ್ತಿದ್ದುದರ ಗುಟ್ಟು ಆಗ ತಿಳಿಯಿತು. ಅವರು ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು, ನನ್ನ ಸರದಿಯಲ್ಲಿ.

ಆದರೆ ಧಣಿಗಳ ಗುಡ್ಡೆಯ ಮರಗಳು ನಮಗೆ ಕೈಕೊಟ್ಟವು. ಹೊರಗಿನಿಂದ ಗಟ್ಟಿ, ಕೊಯ್ದು ನೋಡಿದರೆ ಒಳಗೆ ಟೊಳ್ಳು. "ಇದು ಕಟ್ಟಿಗೆ ಅಲ್ಲ, ಗೆದ್ದಲಿನ ಬಿಡಾರ" ಎಂದರು ಅಜ್ಜಿ. ಅಡುಗೆಗೆ ಸಾಕಾಗುವಷ್ಟು ಸಿಕ್ಕಿತು, ಹಂಡೆಗೆ ಇಲ್ಲ. "ಹಲ್ಲಿದ್ದವರಿಗೆ ಕಡಲೆ ಇಲ್ಲ" ಎಂದು ಹೆಂಡತಿ ನಗಲು ಪ್ರಯತ್ನಿಸಿದಳು. ಆಗಲೇ ಬಿಸು ಹಬ್ಬ ಕಳೆದಿತ್ತು. ಪತ್ತನಾಜೆಗೆ ಐದು ವಾರ. ಅವಳು ದಿನಾ ಬೆಳಿಗ್ಗೆ ಎದ್ದು ಕಟ್ಟಿಗೆಯ ಕೊಟ್ಟಿಗೆಯನ್ನು ಇಣುಕಿ ನೋಡಿ ಬರುವುದು ನನಗೆ ಕಾಣುತ್ತಿತ್ತು. ಖಾಲಿ ಜಾಗವನ್ನು ನೋಡಿ ಬರುತ್ತಿದ್ದಳು.

ಒಂದು ಸಂಜೆ ಅಜ್ಜಿ ಗುಡ್ಡೆಗೆ ಬರಲಿಲ್ಲ. "ಇಲ್ಲಿಗೆ ಬನ್ನಿ" ಎಂದು ತಮ್ಮ ಹಿತ್ತಲಿಗೆ ಕರೆದರು. ಅಲ್ಲೊಂದು ಕಾಡುಮಾವಿನ ಮರವಿತ್ತು. ಬಹಳ ದೊಡ್ಡದಲ್ಲ, ಒಬ್ಬನ ತೋಳಿಗೆ ಸರಿಯಾಗಿ ಸಿಗುವಷ್ಟು ದಪ್ಪ. ಮರದಲ್ಲಿದ್ದ ಕಾಯಿಗಳನ್ನೆಲ್ಲ ಅವರು ಆಗಲೇ ಕೊಯ್ಸಿ, ಕೆಲವನ್ನು ಉಪ್ಪಿಗೆ ಹಾಕಿ, ಬಲಿತವನ್ನು ಹುಲ್ಲಿನಲ್ಲಿಟ್ಟಿದ್ದರು.

"ಇದನ್ನು ಬೀಳಿಸುವ. ಈಗಲೇ ಒಡೆದು ಬಿಸಿಲಿಗೆ ಹಾಕಿದರೆ ಪತ್ತನಾಜೆಗೆ ಒಣಗುತ್ತದೆ."

ಮುಂದಿನ ಭಾನುವಾರ ಬೆಳುವಾಯಿಯವರಿಬ್ಬರು ಬಂದು ಹಗ್ಗ ಕಟ್ಟಿ ಮರ ಉರುಳಿಸಿಕೊಟ್ಟರು. ಅರ್ಜಿ ಕೆಲಸ ಮಾಡಿತ್ತಂತೆ. ಅವರು ಹೋದ ಮೇಲೆ ನಾನೂ ಅಜ್ಜಿಯೂ ತುಂಡು ಮಾಡತೊಡಗಿದೆವು. ಒಳಗೆಲ್ಲ ಗಟ್ಟಿ, ಒಂದು ಹುಳವಿಲ್ಲ. ಸೊನೆಯ ವಾಸನೆ ಅಂಗಳ ತುಂಬಿತು. ನನಗೆ ಬಹಳ ಸಂತೋಷವಾಗಿತ್ತು. ಸಂತೋಷದಲ್ಲಿ ಬಾಯಿ ಬಿಟ್ಟೆ.

"ಇಷ್ಟು ಒಳ್ಳೆಯ ಮರವನ್ನು ಯಾರಿಗೆ ಅಂತ ಇಟ್ಟುಕೊಂಡಿದ್ದಿರಿ ಅಜ್ಜೀ?"

"ನನಗೆ" ಎಂದರು.

ನನ್ನ ಕೈ ನಿಂತಿತು. ನಮ್ಮ ಕಡೆ ಮನುಷ್ಯ ಸತ್ತರೆ ಚಿತೆಗೆ ಮಾವಿನ ಮರ ಕಡಿಯುತ್ತಾರೆ. ಮನೆಯ ಹಿತ್ತಲಲ್ಲಿ ಒಂದು ಮಾವು ಇದ್ದರೆ ವಯಸ್ಸಾದವರಿಗೆ ಅದೊಂದು ಸಮಾಧಾನ. ಯಾರ ಮುಂದೆಯೂ ಕೈಚಾಚದೆ ಹೋಗಬಹುದು. ಪೇಟೆಯಲ್ಲಿ ಬೆಳೆದವನಾದರೂ ಅಷ್ಟು ನನಗೆ ಗೊತ್ತಿತ್ತು. ಮಕ್ಕಳಿಲ್ಲದ ಆ ಹೆಂಗಸು ತನ್ನ ಕೊನೆಯ ಪ್ರಯಾಣಕ್ಕೆಂದು ಸಾಕಿದ ಮರ ಅದು. ನನ್ನ ಹಂಡೆಯ ಅಡಿಗೆ ಹಾಕಲು ಅದನ್ನು ಅರ್ಧ ಕೊಯ್ದಾಗಿತ್ತು.

"ಮೊದಲೇ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಮುಟ್ಟುತ್ತಿರಲಿಲ್ಲ" ಎಂದು ರೇಗಿದೆ.

"ಅದಕ್ಕೇ ಹೇಳಲಿಲ್ಲ" ಎಂದರು. "ನನಗೆ ಅವಸರ ಇಲ್ಲ ಮಾಸ್ಟ್ರೇ. ಬರುವವರಿಗೆ ಅವಸರ. ಎಳೆಯಿರಿ, ಕೈ ತಣ್ಣಗಾದರೆ ಮತ್ತೆ ಏಳುವುದಿಲ್ಲ."

ಎಳೆದೆ. ಬೇರೆ ಏನು ಮಾಡುವುದು?

ಪತ್ತನಾಜೆಯ ಹಿಂದಿನ ದಿನ ಕೊಟ್ಟಿಗೆ ಸೂರಿನವರೆಗೆ ತುಂಬಿತು. ಹೆಂಡತಿ ಬಂದು ಒಂದು ಸೀಳನ್ನು ತೆಗೆದು ಇನ್ನೊಂದಕ್ಕೆ ತಟ್ಟಿ ಸದ್ದು ಕೇಳಿದಳು. ಒಣ ಕಟ್ಟಿಗೆಯ ಸದ್ದು. ಆ ದಿನದಿಂದ ಅವಳು ಬೆಳಿಗ್ಗೆ ಇಣುಕಿ ನೋಡುವುದನ್ನು ಬಿಟ್ಟಳು.

ಆಟಿಯ ಎರಡನೆಯ ವಾರ, ಬೆಳಗಿನ ಹೊತ್ತು, ಮಗಳು ಹುಟ್ಟಿದಳು. ಹೊರಗೆ ಮಳೆ ಮಾಡಿನ ಹಂಚು ಒಡೆಯುವಂತೆ ಹೊಡೆಯುತ್ತಿತ್ತು. ಒಳಗೆ ಹಂಡೆಯ ಅಡಿ ಮಾವಿನ ಕಟ್ಟಿಗೆ ಹೊಗೆಯಿಲ್ಲದೆ ಉರಿಯುತ್ತಿತ್ತು. ನಲುವತ್ತು ದಿನ ಅಜ್ಜಿ ತಡಮೆ ದಾಟಿ ಬಂದು, ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿ, ಇಬ್ಬರನ್ನೂ ಮೀಯಿಸಿದರು. ಒಂದು ದಿನವೂ ಬೆಂಕಿ ಆರಲಿಲ್ಲ. ಹೆಂಡತಿಗೆ ಒಂದು ಸೀನೂ ಬರಲಿಲ್ಲ. ಕೊನೆಯ ದಿನ ಕೊಟ್ಟಿಗೆಯಲ್ಲಿ ಹನ್ನೊಂದು ಸೀಳು ಉಳಿದಿದ್ದವು. ಇಷ್ಟು ಲೆಕ್ಕ ನನಗೆ ಇಂದಿಗೂ ನೆನಪಿರುವುದು ಯಾಕೆಂದರೆ ಅಂಥ ಶ್ರೀಮಂತಿಕೆ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಮೊದಲ ಮಳೆ ಬಿದ್ದಾಗಲೇ ಅಜ್ಜಿ ಹುಲ್ಲಿನಲ್ಲಿ ಹಣ್ಣಾಗಿದ್ದ ಆ ಮರದ ಮಾವಿನ ಒಂದು ಗೊರಟನ್ನು, ನಮ್ಮ ಬಚ್ಚಲಿನ ನೀರು ಹರಿದು ಹೋಗುವಲ್ಲಿ ಊರಿದ್ದರು. ಬಾಣಂತಿಯ ಮತ್ತು ಮಗುವಿನ ಸ್ನಾನದ ನೀರು ಕುಡಿದು ಅದು ಕೆಂಪು ಚಿಗುರು ಬಿಟ್ಟಿತು. ನನಗೆ ಎದೆಯ ಭಾರ ಸ್ವಲ್ಪ ಇಳಿಯಿತು. ಅವರಿಗೆ ಇದು ಬದಲಿ ಮರ ಎಂದುಕೊಂಡೆ. ಬೆಳೆಯಲಿ, ಅವರು ಅಷ್ಟು ವರ್ಷ ಇರಲಿ ಎಂದು ಬೇಡಿಕೊಂಡೆ. ಬೇಲಿ ಕಟ್ಟಿದೆ, ದನ ಬಾಯಿ ಹಾಕದಂತೆ ಕಾದೆ.

ಮಗಳಿಗೆ ನಾಲ್ಕು ವರ್ಷವಾದಾಗ ನನಗೆ ಬೆಳ್ತಂಗಡಿ ಕಡೆಯ ಶಾಲೆಗೆ ವರ್ಗವಾಯಿತು. ಪ್ರತಿ ರಜೆಯಲ್ಲೂ ಮೂವರೂ ಹೋಗಿ ಅಜ್ಜಿಯನ್ನು ನೋಡಿ ಬರುತ್ತಿದ್ದೆವು. ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಬಚ್ಚಲ ಬದಿಯ ಮರಕ್ಕೆ ಹೋಗುತ್ತಿತ್ತು. ಮಣಿಕಟ್ಟಿನ ದಪ್ಪ, ತೋಳಿನ ದಪ್ಪ, ಆಮೇಲೆ ತೊಡೆಯ ದಪ್ಪ. ಗರಗಸವನ್ನು ನಾನು ತೆಂಗಿನೆಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆ.

ಮಗಳಿಗೆ ಒಂಬತ್ತು ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಮೊದಲ ಬಸ್ಸಿನವರ ಕೈಯಲ್ಲಿ ಹೇಳಿಕಳುಹಿಸಿದ್ದರು. ಅಜ್ಜಿ ಮುಂಜಾನೆ ಹೋದರು ಎಂದು. ಮುಂದಿನ ಬಸ್ಸಿಗೆ ಮೂವರೂ ಹೊರಟೆವು. ನಾನು ಗರಗಸ ತೆಗೆದುಕೊಂಡೆ. ಕಂಡಕ್ಟರ್ ಅದನ್ನು ಮೇಲೆ ಕಟ್ಟುತ್ತ "ಏನು ಮಾಸ್ಟ್ರೇ, ಮರ ಕೊಯ್ಯಲಿಕ್ಕಾ?" ಎಂದು ಕೇಳಿದ. ಈ ಸಲ ಕೇಳಿದನಲ್ಲ ಎನಿಸಿತು. ಹೌದು ಎಂದೆ.

ಕೊಕ್ಕಡದಿಂದ ಅವರ ತಂಗಿಯ ಮಗ ಬಂದಿದ್ದ. ನಾನು ನಮ್ಮ ಹಳೆಯ ಮನೆಯ ಬಚ್ಚಲ ಬದಿಗೆ ಹೋಗಿ ಗೋಣಿ ಬಿಚ್ಚಿದೆ. ಅವನು ಓಡಿ ಬಂದ.

"ಬೇಡ ಮಾಸ್ಟ್ರೇ. ಆ ಮರ ಮುಟ್ಟಬಾರದು ಅಂತ ದೊಡ್ಡಮ್ಮ ಹೇಳಿಟ್ಟಿದ್ದಾರೆ. ನೀವು ಗರಗಸ ಹಿಡಿದುಕೊಂಡು ಬರುತ್ತೀರಿ ಅಂತಲೂ ಹೇಳಿದ್ದರು. ಅದು ಮಗುವಿನ ಮರವಂತೆ. ಮಗು ಮಿಂದ ನೀರಿನಲ್ಲಿ ಬೆಳೆದದ್ದನ್ನು ಕಡಿಯಬಾರದಂತೆ."

"ಹಾಗಾದರೆ ಅವರಿಗೆ?"

ಎದುರಿನ ಮನೆಯ ಧಣಿಗಳ ತಾಯಿ, ಅಜ್ಜಿಯದೇ ವಯಸ್ಸಿನವರು, ಅಂಗಳದಲ್ಲಿ ನಿಂತಿದ್ದರು. "ನಮ್ಮ ಹಿತ್ತಲಿನದ್ದು ತೆಗೆಯಿರಿ" ಎಂದರು. "ನನ್ನ ಐದು ಮಕ್ಕಳನ್ನು ಮೀಯಿಸಿದ ಕೈ ಅದು." ಕೆಳಗಿನ ಮನೆಯವರೂ ತಮ್ಮ ಮರ ಕೊಡುತ್ತೇವೆ ಎಂದರು, ಆಚೆಯ ಮನೆಯವರೂ. ಒಂದು ಮರಕ್ಕಾಗಿ ನಾನು ಒಂಬತ್ತು ವರ್ಷ ಚಿಂತೆ ಮಾಡಿದ್ದೆ. ಅಜ್ಜಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಓದಿದ ನನಗೆ.

ಧಣಿಗಳ ಹಿತ್ತಲಿನ ಮಾವಿನ ಬುಡದಲ್ಲಿ ಗರಗಸದ ಒಂದು ತುದಿ ಹಿಡಿದು ಕುಳಿತೆ. ಗಂಡಸರಲ್ಲಿ ಒಬ್ಬರು ಇನ್ನೊಂದು ತುದಿಗೆ ಬರುವಷ್ಟರಲ್ಲಿ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಹಿಡಿ ಹಿಡಿದಳು. ಹೆಂಗಸರು ಹೇಗೆ ಎಂದು ಯಾರೋ ಶುರುಮಾಡಿದರು. "ಅವಳೇ ಹಿಡಿಯಲಿ" ಎಂದರು ಧಣಿಗಳ ತಾಯಿ. ಆ ಮಾತು ಅಲ್ಲಿಗೇ ನಿಂತಿತು.

ಎಳೆಯತೊಡಗಿದೆವು. ಸೊನೆಯ ವಾಸನೆ ಬಂದದ್ದೇ ತಡ ನನಗೆ ಅಳು ಬಂತು. ಅಷ್ಟು ಜನರ ಮುಂದೆ ಅಳಬಾರದೆಂದು ಹಲ್ಲು ಕಚ್ಚಿ, ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಗರಗಸ ಬಾಗಿ ಮರದೊಳಗೆ ನಿಂತುಬಿಟ್ಟಿತು.

ಹೆಂಡತಿ ಎಂದೂ ನನ್ನನ್ನು ಹಾಗೆ ಕರೆದವಳಲ್ಲ. ಬಾಗಿಲ ಹಿಂದೆ ಕುಳಿತು ಆ ಮಾತನ್ನು ಎಷ್ಟು ಸಲ ಕೇಳಿದ್ದಳೋ, ಅದೇ ಸ್ವರದಲ್ಲಿ ಹೇಳಿದಳು:

"ತಳ್ಳಬೇಡಿ ಮಾಸ್ಟ್ರೇ, ಬಿಟ್ಟುಕೊಡಿ."

ಬಿಟ್ಟುಕೊಟ್ಟೆ. ಗರಗಸ ಅವಳ ಕಡೆಗೆ ಹೋಯಿತು.